ಡೋರ್ ನಂಬರ್ ಬರುವವರೆಗೆ

ಫೆಬ್ರವರಿ ಮೊದಲ ವಾರ ನಮ್ಮ ಮನೆಯೊಕ್ಕಲು ಮುಗಿಯಿತು. ಹಾಲು ಉಕ್ಕಿತು, ಗಣಹೋಮದ ಹೊಗೆ ಹೊಸ ಬಣ್ಣದ ವಾಸನೆಯೊಂದಿಗೆ ಬೆರೆತು ಅಮ್ಮ ಕೆಮ್ಮಿದರು, ಅರುವತ್ತು ಮಂದಿ ಊಟ ಮಾಡಿ ಹೋದರು. ಹೋಗುವ ಮೊದಲು ಅವರಲ್ಲಿ ಐದಾರು ಮಂದಿ ನನ್ನನ್ನು ಬಾಲ್ಕನಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು: “ಒಟ್ಟು ಎಷ್ಟಾಯಿತು? ನಾವೂ ಒಂದು ನೋಡುತ್ತಿದ್ದೇವೆ.” ಬಾಳೆಎಲೆ ತೆಗೆಯುವ ಗಡಿಬಿಡಿಯಲ್ಲಿ ಅವರಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈಗ ಕುಳಿತು ಬರೆಯುತ್ತಿದ್ದೇನೆ. ಒಂದು ವರ್ಷದ ಕಥೆ, ಸ್ವಲ್ಪ ಉದ್ದವಾದೀತು.

ನಾನು ಕಾಲೇಜೊಂದರಲ್ಲಿ ಪಾಠ ಹೇಳುವವನು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮಂಗಳೂರಿನ ಬಿಜೈಯಲ್ಲಿ ತಿಂಗಳಿಗೆ 16 ಸಾವಿರ ಬಾಡಿಗೆಯ ಮನೆಯಲ್ಲಿದ್ದೆವು, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದಾಗ, 2025ರ ಫೆಬ್ರವರಿಯಲ್ಲಿ, ಹುಡುಕಾಟ ಶುರುವಾಯಿತು. ಜಾಗ ತೆಗೆದುಕೊಂಡು ಮನೆ ಕಟ್ಟಿಸುವ ತ್ರಾಣ ಇಬ್ಬರಿಗೂ ಇರಲಿಲ್ಲ. ಕಟ್ಟಿ ಮುಗಿದ, ಅಥವಾ ಮುಗಿಯುತ್ತ ಬಂದ, ಎರಡು ಮಲಗುವ ಕೋಣೆಯ ಫ್ಲ್ಯಾಟ್. ಹೆಚ್ಚೆಂದರೆ 60 ಲಕ್ಷ. ಆಗ ನಮ್ಮ ಲೆಕ್ಕ ಅಷ್ಟು ಸರಳವಾಗಿತ್ತು.

ಮೊದಲು ಮನಸ್ಸಿಗೆ ಹಿಡಿಸಿದ್ದು ಕೊಟ್ಟಾರ ಚೌಕಿ ಕಡೆಯ ಒಂದು ಫ್ಲ್ಯಾಟ್. ಮಾರ್ಚ್ ತಿಂಗಳ ಬಿಸಿಲಿನಲ್ಲಿ ನೋಡಿದೆವು. ಗೋಡೆ ಹಾಲಿನಂತಿತ್ತು, ನೆಲದ ಟೈಲ್ಸ್ ಕನ್ನಡಿಯಂತಿತ್ತು. ಕಚೇರಿಯ ಹುಡುಗ ತಂಪು ಪಾನೀಯ ಕೊಟ್ಟು, ಬೆಲೆಯ ಶೇಕಡಾ 20ನ್ನು ಈಗ ಕಟ್ಟಿ, ಕರಾರುಪತ್ರ ಆಮೇಲೆ ಮಾಡೋಣ ಎಂದ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಮಾರಾಟದ ಕರಾರನ್ನು ಬರೆದು ನೋಂದಾಯಿಸುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಹಣ ಕೊಡದೆ ಉಳಿದದ್ದು ಬುದ್ಧಿವಂತಿಕೆಯಿಂದಲ್ಲ, ಆ ತಿಂಗಳು ಠೇವಣಿ ಮುಗಿಯಲು ಇನ್ನೂ ಎಂಟು ವಾರ ಇದ್ದುದರಿಂದ.

ಆ ವರ್ಷ ಮುಂಗಾರು ಮೇ ಕೊನೆಯ ವಾರವೇ ಬಂದು ಬಿದ್ದಿತು. ಎರಡನೆಯ ದಿನ ಕಾಲೇಜಿನಿಂದ ಬರುವಾಗ ಸುಮ್ಮನೆ ಆ ಕಡೆ ಸ್ಕೂಟರ್ ತಿರುಗಿಸಿದೆ. ಒಳರಸ್ತೆಯಲ್ಲಿ ಮೊಣಕಾಲಿನವರೆಗೆ ಕೆಂಪು ನೀರು. ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ಸಿಮೆಂಟಿನ ಖಾಲಿ ಚೀಲಗಳು ತೇಲುತ್ತಿದ್ದವು. ಎದುರು ಮನೆಯ ಜಗಲಿಯಲ್ಲಿ ಕುಳಿತಿದ್ದ ಹಿರಿಯ ಹೆಂಗಸು ನನ್ನನ್ನು ನೋಡಿ ನಕ್ಕರು. “ಮನೆ ನೋಡಲು ಬಂದದ್ದಾ? ಅದು ಮೊದಲು ಗದ್ದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ನೇಜಿ ನೆಡುತ್ತಿದ್ದರು. ನೀರಿಗೆ ಅದರ ದಾರಿ ಮರೆಯುವುದಿಲ್ಲ.”

ಮಂಗಳೂರಿನಲ್ಲಿ ಮನೆ ನೋಡುವವರಿಗೆ ನನ್ನ ಮೊದಲ ಮಾತು ಇದೇ. ಬೇಸಗೆಯಲ್ಲಿ ಇಷ್ಟಪಡಿ, ಮಳೆಗಾಲದಲ್ಲಿ ನಿರ್ಧರಿಸಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಾಗದ ಹಳೆಯ ಹೆಸರನ್ನೂ ಕೇಳಿ. ಬೈಲು ಎಂದರೆ ತಗ್ಗಿನ ಗದ್ದೆ, ಪದವು ಎಂದರೆ ಎತ್ತರದ ಬಯಲು. ಇಂದಿನ ಬಡಾವಣೆಯ ಹೆಸರು ಏನೇ ಇರಲಿ, ನೆರೆಮನೆಯ ಹಿರಿಯರಿಗೆ ಆ ಮಣ್ಣಿನ ಗುಣ ನೆನಪಿರುತ್ತದೆ. ಎತ್ತರದಲ್ಲಿದ್ದರೆ ಎಲ್ಲವೂ ಕ್ಷೇಮ ಎಂದಲ್ಲ. ಎತ್ತರದ ಮಂಡೆಬಿಸಿಯೇ ಬೇರೆ, ಅದನ್ನೂ ಹೇಳುತ್ತೇನೆ.

ಜೂನ್‌ನಲ್ಲಿ ಈಗಿನ ಮನೆ ಸಿಕ್ಕಿತು. ಯೆಯ್ಯಾಡಿಯಿಂದ ಪದವಿನಂಗಡಿ ಕಡೆಗೆ ಹೋಗುವಾಗ ಒಂದು ಒಳರಸ್ತೆ. 32 ಸೆಂಟ್ಸ್ ಜಾಗ (ನೂರು ಸೆಂಟ್ಸ್ ಎಂದರೆ ಒಂದು ಎಕರೆ), ಆರು ಮಹಡಿ, 24 ಫ್ಲ್ಯಾಟ್. ಮೂರನೇ ಮಹಡಿಯ ಪಶ್ಚಿಮ ಮೂಲೆಯದ್ದು ಉಳಿದಿತ್ತು. 1,180 ಚದರ ಅಡಿ, 58 ಲಕ್ಷ. ಜಾಗದ ಮನೆಯವರು ಮತ್ತು ಬಿಲ್ಡರ್ ಸೇರಿ ಜಂಟಿ ಅಭಿವೃದ್ಧಿಯ ಕರಾರಿನ ಮೇಲೆ ಕಟ್ಟಿದ ಕಟ್ಟಡ. ಇಂಥ ಕಡೆ, ನಿಮಗೆ ತೋರಿಸುತ್ತಿರುವ ಫ್ಲ್ಯಾಟ್ ಬಿಲ್ಡರ್ ಪಾಲಿನದ್ದೋ ಜಾಗದವರ ಪಾಲಿನದ್ದೋ ಎಂದು ಮೊದಲೇ ಕೇಳಬೇಕು. ಯಾರಿಗೆ ಹಣ, ಯಾರ ಸಹಿ, ಯಾರ ಪ್ಯಾನ್ ಸಂಖ್ಯೆ ಎಲ್ಲವೂ ಅದರ ಮೇಲೆ ನಿಂತಿದೆ. ನಮ್ಮದು ಬಿಲ್ಡರ್ ಪಾಲು.

1,180 ಎಂಬ ಅಂಕಿಯನ್ನು ನಾನು ನಂಬಿದ್ದೆ. ಹೆಂಡತಿಯ ತಮ್ಮ ಸಿವಿಲ್ ಎಂಜಿನಿಯರ್, ನಾವಿಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುವುದು. ಅವರು ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿದರು. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದು, ಜಾಗವೂ 500 ಚದರ ಮೀಟರ್ ದಾಟಿದರೆ, ಯೋಜನೆ ಅಲ್ಲಿ ನೋಂದಣಿಯಾಗಿರಲೇಬೇಕು. ಅನುಮೋದಿತ ನಕ್ಷೆ, ಮುಗಿಸುವ ದಿನಾಂಕ, ಪ್ರತಿ ಫ್ಲ್ಯಾಟಿನ ಕಾರ್ಪೆಟ್ ವಿಸ್ತೀರ್ಣ ಎಲ್ಲವೂ ಸಿಗುತ್ತದೆ. ನಮ್ಮದರ ಕಾರ್ಪೆಟ್ ವಿಸ್ತೀರ್ಣ 826 ಚದರ ಅಡಿ. ಉಳಿದ 354 ಅಡಿ ಹೊರಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟ್, ಮೊಗಸಾಲೆಗಳಲ್ಲಿ ಕರಗಿತ್ತು. ಅಂದರೆ ಅಡಿಗೆ 4,915 ರೂಪಾಯಿ ಎಂದು ನಾನು ಸಂತೋಷಪಟ್ಟದ್ದು, ಕಾಲಿಡುವ ಜಾಗದ ಲೆಕ್ಕದಲ್ಲಿ 7,022 ರೂಪಾಯಿ. ಎರಡು ಕಟ್ಟಡಗಳ ದರ ಹೋಲಿಸುವವರು ಕಾರ್ಪೆಟ್ ವಿಸ್ತೀರ್ಣವನ್ನೇ ಹಿಡಿದು ಹೋಲಿಸಿ. ಇನ್ನೊಂದು ಅಂಕಿಯನ್ನೂ ಕೇಳಿ ಬರೆದುಕೊಳ್ಳಿ, ನೆಲದಲ್ಲಿ ನಿಮ್ಮ ಅವಿಭಜಿತ ಪಾಲು. ನಮ್ಮದು ಸುಮಾರು 1.3 ಸೆಂಟ್ಸ್. ಇದನ್ನು ಹೇಳಿದಾಗ ಅಮ್ಮ, “ನಮ್ಮ ದನದ ಹಟ್ಟಿಯೇ ಇದಕ್ಕಿಂತ ದೊಡ್ಡದಿತ್ತು” ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅದೇ ಜಾಲತಾಣದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಯೋಜನೆ ಮುಗಿಸುವ ದಿನಾಂಕವನ್ನು ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಿದ್ದರು. ಕಟ್ಟಡಕ್ಕೆ ಬಣ್ಣ ಬಳಿದಿತ್ತು, ಲಿಫ್ಟ್ ಓಡುತ್ತಿತ್ತು. ಹಾಗಿದ್ದರೆ ಮುಗಿಯದೆ ಉಳಿದದ್ದು ಏನು ಎಂದು ಕೇಳಿದೆ. ಬಿಲ್ಡರ್ ಕಚೇರಿಯ ಮ್ಯಾನೇಜರ್ ನಗುತ್ತಾ, “ಡೋರ್ ನಂಬರ್ ಒಂದು ಬಾಕಿ ಸರ್. ಹದಿನೈದು ದಿನ. ಎಂತದೂ ತಲೆಬಿಸಿ ಮಾಡಬೇಡಿ” ಎಂದರು.

ನಮ್ಮೂರಿನಲ್ಲಿ ಡೋರ್ ನಂಬರ್ ಎಂಬ ಎರಡು ಪದಗಳೊಳಗೆ ಬಹಳ ಸಂಗತಿ ಅಡಗಿದೆ. ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಿದ್ದಾರೆ ಎಂದು ಪಾಲಿಕೆ ಒಪ್ಪಿ ಮುಕ್ತಾಯ ಪ್ರಮಾಣಪತ್ರ, ವಾಸಕ್ಕೆ ಯೋಗ್ಯ ಎನ್ನುವ ಒಸಿ ಕೊಟ್ಟ ಮೇಲೆಯೇ ಅದು ಬರುವುದು. ಅದು ಬಂದ ಮೇಲೆ ತೆರಿಗೆ, ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಆಮೇಲೆ ನೋಂದಣಿ. ಖಾಯಂ ವಿದ್ಯುತ್ ಮತ್ತು ನೀರಿನ ಸಂಪರ್ಕವೂ ಒಸಿಗೆ ಅಂಟಿಕೊಂಡಿದೆ, ಒಸಿ ಇಲ್ಲದ ಕಟ್ಟಡಕ್ಕೆ ಇವನ್ನು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ನಾನು ಕಣ್ಣಾರೆ ನೋಡಿದ್ದ ಮನೆ ಕಾಗದದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ನನ್ನನ್ನು ಕಾಪಾಡಿದ್ದು ಲೆಕ್ಕಪರಿಶೋಧಕನಾಗಿರುವ ಸಹಪಾಠಿ. ಒಂದು ಲಕ್ಷ ಬುಕಿಂಗ್ ಹಣ ಕೊಡಲು ಹೊರಟಿದ್ದೇನೆ ಎಂದು ಫೋನಿನಲ್ಲಿ ಹೇಳಿದೆ. ಅವನು ಚೆಕ್ ಪುಸ್ತಕವನ್ನು ಒಳಗಿಡು ಎಂದ. ಕಟ್ಟುತ್ತಿರುವ ಮನೆಯ ಮೇಲೆ ಜಿಎಸ್‌ಟಿ ಶೇಕಡಾ 5. ಬೆಲೆ 45 ಲಕ್ಷದೊಳಗಿದ್ದು ಕಾರ್ಪೆಟ್ ವಿಸ್ತೀರ್ಣ ನಮ್ಮಂಥ ಊರಿನಲ್ಲಿ 90 ಚದರ ಮೀಟರಿನೊಳಗಿದ್ದರೆ ಶೇಕಡಾ 1. ಮುಕ್ತಾಯ ಪ್ರಮಾಣಪತ್ರ ಬಂದ ಮೇಲೆ ಮಾರಿದರೆ ಏನೂ ಇಲ್ಲ. ಆದರೆ ಷರತ್ತು ಏನೆಂದರೆ, ಪೂರ್ತಿ ಹಣ ಆ ಪ್ರಮಾಣಪತ್ರದ ನಂತರವೇ ಸಂದಾಯವಾಗಿರಬೇಕು. ಅದಕ್ಕೆ ಮುಂಚೆ ಒಂದು ಪಾಲು ಕೊಟ್ಟರೂ ತೆರಿಗೆ ಬೀಳುತ್ತದೆ. 58 ಲಕ್ಷಕ್ಕೆ ಶೇಕಡಾ 5 ಎಂದರೆ 2,90,000 ರೂಪಾಯಿ. ಒಂದು ಲಕ್ಷ ಬೇಗ ಕೊಟ್ಟ ತಪ್ಪಿಗೆ ಸುಮಾರು ಮೂರು ಲಕ್ಷ.

ಮರುದಿನ ಹೋಗಿ ಮ್ಯಾನೇಜರ್‌ಗೆ ಹೇಳಿದೆ: ಮನೆ ಬೇಕು, ಆದರೆ ಪ್ರಮಾಣಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಕೊಡುವುದಿಲ್ಲ. ಅವರ ನಗು ಸ್ವಲ್ಪ ಇಳಿಯಿತು. ದುಬಾಯಿಯ ಒಬ್ಬರು ಇದೇ ಫ್ಲ್ಯಾಟಿಗೆ ಕಾಯುತ್ತಿದ್ದಾರೆ ಎಂದರು. ಆ ದುಬಾಯಿಯವರು ಮುಂದಿನ ಐದು ತಿಂಗಳು ನನ್ನ ಕನಸಿನಲ್ಲಿ ಬಂದರು. ಪ್ರತಿ ಬಾರಿ ಕಚೇರಿಯಿಂದ ಫೋನ್ ಬಂದಾಗ, ಮನೆ ಅವರಿಗೆ ಹೋಯಿತು ಎಂದೇ ಎದೆ ಹೊಡೆದುಕೊಳ್ಳುತ್ತಿತ್ತು. ಹೆಂಡತಿ ಮಾತ್ರ, “ಪಶ್ಚಿಮದ ಮೂಲೆ, ಹಿಂದೆ ಗುಡ್ಡ. ಒಂದು ವರ್ಷದಿಂದ ಉಳಿದದ್ದು. ನೀವು ನಿಶ್ಚಿಂತೆಯಿಂದ ಮಲಗಿ” ಎಂದಳು.

ಕಾಯುವ ಸಮಯವನ್ನು ವ್ಯರ್ಥ ಮಾಡಲಿಲ್ಲ ಎಂಬುದು ನನ್ನ ಒಂದೇ ಹೆಗ್ಗಳಿಕೆ.

ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಸುರಿದ ಮೇಲೆ, ಬಾವನನ್ನು ಕರೆದುಕೊಂಡು ಹೋದೆ. ಅವರು ಮನೆಯೊಳಗೆ ಹೋಗಲೇ ಇಲ್ಲ, ಮೊದಲು ಹಿಂಭಾಗಕ್ಕೆ ಹೋದರು. ಗುಡ್ಡವನ್ನು ನೇರವಾಗಿ ಕತ್ತರಿಸಿ ಕಟ್ಟಡಕ್ಕೆ ಜಾಗ ಮಾಡಿದ್ದರು, ಅದಕ್ಕೆ ಸುಮಾರು ಹದಿನೈದು ಅಡಿ ಎತ್ತರದ ಕಾಂಕ್ರೀಟ್ ತಡೆಗೋಡೆ. ಗೋಡೆಯಲ್ಲಿ ನೀರು ಹೊರಬರಲು ಪೈಪಿನ ತೂತುಗಳಿದ್ದವು. “ನೋಡಿ ಬಾವ, ಮೂರು ದಿನ ಮಳೆ ಬಂದಿದೆ, ತೂತು ಒಣಗಿದೆ.” ನನಗೆ ಅದು ಒಳ್ಳೆಯದೇ ಎನಿಸಿತು. ಅವರು ಅಲ್ಲ ಎಂದು ತಲೆಯಾಡಿಸಿದರು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ತೂಕ ಹೆಚ್ಚುತ್ತಾ ಹೋಗುತ್ತದೆ, ಆ ನೀರು ತೂತಿನಿಂದ ಹೊರಗೆ ಬರದಿದ್ದರೆ ಇಡೀ ಒತ್ತಡ ಗೋಡೆಯ ಮೇಲೆ. ಗುಡ್ಡ ಅಗೆದು ಕಟ್ಟಿದ ಕಡೆ ಮಳೆಗಾಲದಲ್ಲಿ ತೂತಿನಿಂದ ನೀರು ಸುರಿಯಲೇಬೇಕು. ಕಟ್ಟುವಾಗ ಸಿಮೆಂಟಿನ ಹಾಲು ಹೋಗಿ ಪೈಪುಗಳು ಕಟ್ಟಿಕೊಂಡಿದ್ದವು. ಬರೆದು ಕೊಟ್ಟೆವು, ಎರಡು ವಾರದಲ್ಲಿ ತೆರೆದರು. ತೆರೆದ ದಿನ ಕೆಂಪು ನೀರು ಚಿಮ್ಮಿದ್ದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಆ ತಡೆಗೋಡೆಯ ವಿನ್ಯಾಸಕ್ಕೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಕೇಳಿ, ಆ ವಿನ್ಯಾಸದ ಒಂದು ಪ್ರತಿಯನ್ನು ಪಡೆದಿದ್ದೇವೆ.

ಆಮೇಲೆ ಒಳಗೆ. ನಮ್ಮಲ್ಲಿ ಮಳೆ ಹೊಡೆಯುವುದು ನೈರುತ್ಯದಿಂದ, ಆದ್ದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳನ್ನು ಅಂಗೈಯಿಟ್ಟು ಮುಟ್ಟಿ ನೋಡಬೇಕು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಅಂಗೈಯಗಲ ತಣ್ಣಗಿತ್ತು. ಜಾರುವ ಕಿಟಕಿಯ ಹಳಿಯಲ್ಲಿ ನೀರು ನಿಂತಿತ್ತು, ಹೊರಹೋಗುವ ಕಿಂಡಿ ಕೊರೆದಿರಲಿಲ್ಲ. ಬಚ್ಚಲಲ್ಲಿ ಒಂದು ಬಕೆಟ್ ನೀರು ಚೆಲ್ಲಿದೆವು. ನೀರು ಸ್ವಲ್ಪ ಯೋಚಿಸಿ, ಜಾಲರಿಯ ಕಡೆ ಹೋಗದೆ ಬಾಗಿಲ ಕಡೆ ಬಂತು. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನೀರು ಇಲ್ಲ. ತಾರಸಿಗೆ ಶೀಟಿನ ಮಾಡು ಹಾಕಿಲ್ಲ. ಮಂಗಳೂರಿನ ಹಳೆಯ ಫ್ಲ್ಯಾಟುಗಳ ಮೇಲೆ ಕಾಣುವ ಆ ಶೀಟು ಚಂದಕ್ಕಲ್ಲ, ಸೋರಿ ಸೋರಿ ಬೇಸತ್ತು ನಿವಾಸಿಗಳು ಸ್ವಂತ ಹಣದಿಂದ ಹಾಕಿಸಿದ್ದು. ಬಿಲ್ಡರ್ ಹಾಕಿಸುತ್ತಾರೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಬರೆಸಿಕೊಳ್ಳಿ. ನಾವು ಕೇಳಿದ್ದಕ್ಕೆ ಮ್ಯಾನೇಜರ್ ನಕ್ಕು ಸುಮ್ಮನಾದರು. ಅಲ್ಲಿಗೆ ಅದು ನಿವಾಸಿಗಳ ಸಂಘದ ತಲೆಗೆ ಬಂತು.

ಕುಡಿಯುವ ನೀರಿನ ವಿಷಯಕ್ಕೆ ಏಪ್ರಿಲ್ ತಿಂಗಳೇ ಪರೀಕ್ಷೆ. ನಗರಕ್ಕೆ ನೀರು ತುಂಬೆಯ ಕಿಂಡಿ ಅಣೆಕಟ್ಟಿನಿಂದ, ನೇತ್ರಾವತಿ ಒಣಗಿದ ವರ್ಷಗಳಲ್ಲಿ ಸರದಿಯ ಮೇಲೆ ಬಿಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಕಟ್ಟಡದಲ್ಲಿ ಆಗ ಯಾರೂ ವಾಸವಿರಲಿಲ್ಲವಾದ್ದರಿಂದ ಪಕ್ಕದ ಕಟ್ಟಡದ ಕಾವಲುಗಾರನನ್ನು ವಿಚಾರಿಸಿದೆ. ಬೇಸಗೆಯಲ್ಲಿ ವಾರಕ್ಕೆ ಎರಡು ಟ್ಯಾಂಕರ್ ಎಂದ. ಆ ಖರ್ಚನ್ನು ನಿರ್ವಹಣೆಯ ಲೆಕ್ಕಕ್ಕೆ ಸೇರಿಸಿಕೊಂಡೆ. ಒಳಚರಂಡಿ ಜಾಲ ಊರಿನ ಎಲ್ಲ ಕಡೆ ತಲುಪಿಲ್ಲ, ಹೊಲಸು ನೀರು ಎಲ್ಲಿಗೆ ಹೋಗುತ್ತದೆ ಎಂದು ಸಂಕೋಚ ಬಿಟ್ಟು ಕೇಳಿ. ಶುದ್ಧೀಕರಣ ಘಟಕ ಇದ್ದರೆ ಸಂಜೆ ಏಳರ ಹೊತ್ತಿಗೆ ಹೋಗಿ ಮೂಗಿನಿಂದಲೇ ನೋಡಿ. ಪಾರ್ಕಿಂಗ್ ಎಂದರೆ ಕಂಬಗಳ ನಡುವೆ ಬಳಿದ ಹಳದಿ ಗೆರೆ ಎಂದು ತೃಪ್ತರಾಗಬೇಡಿ, ಕಾರು ತಂದು ನಿಲ್ಲಿಸಿ ನೋಡಿ. ನಮ್ಮ ಮೊದಲ ಗೆರೆಯೊಳಗೆ ಕಾರು ಹೋಗುತ್ತಿತ್ತು, ಆದರೆ ಬಾಗಿಲು ತೆರೆದು ಇಳಿಯಲಾಗುತ್ತಿರಲಿಲ್ಲ. ಬೇರೆ ಸಂಖ್ಯೆ ಪಡೆದು ಅದನ್ನು ಕ್ರಯಪತ್ರದಲ್ಲಿ ಬರೆಸಿದೆವು.

ಇನ್ನು ಕಾಗದದ ಕಥೆ. ಬ್ಯಾಂಕಿನವರು ಹೇಗೂ ಪರಿಶೀಲಿಸುತ್ತಾರೆ, ನಮಗೇಕೆ ಬೇರೆ ವಕೀಲರು ಎಂದು ಅನೇಕರು ಹೇಳಿದರು. ಬ್ಯಾಂಕು ನೋಡುವುದು ಅದರ ಸಾಲಕ್ಕೆ ಭದ್ರತೆ ಇದೆಯೇ ಎಂದು, ನನ್ನ ಮೊಮ್ಮಕ್ಕಳಿಗೆ ತಕರಾರು ಬರುತ್ತದೆಯೇ ಎಂದಲ್ಲ. 15 ಸಾವಿರ ಕೊಟ್ಟು ಹಳೆಯ ವಕೀಲರೊಬ್ಬರಿಗೆ ಕಡತ ಒಪ್ಪಿಸಿದೆ. ಹಳೆಯವರನ್ನೇ ಹುಡುಕಿದ್ದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಭೂಮಿಗೆ ಅದರದ್ದೇ ಒಂದು ಭಾಷೆ ಇದೆ: ವರ್ಗ, ಮೂಲಗೇಣಿ, ಕುಮ್ಕಿ, ಡಿಕ್ಲರೇಷನ್‌ನಲ್ಲಿ ಬಂದ ಜಾಗ. ಬೇರೆ ಊರಿನಲ್ಲಿ ಕಲಿತು ಬಂದವರಿಗೆ ಇದು ಬೇಗ ದಕ್ಕುವುದಿಲ್ಲ.

ವಕೀಲರು ಕೇಳಿದ್ದು ಇವಿಷ್ಟು. ಮೂಲ ಹಕ್ಕುಪತ್ರಗಳು, ಹಳೆಯ ಆರ್‌ಟಿಸಿ, ಋಣಭಾರ ಪತ್ರ (2004ರ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅಲೆಯಬೇಕು), ಭೂಪರಿವರ್ತನೆಯ ಆದೇಶ, ಮುಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ) ವಿನ್ಯಾಸ ಅನುಮೋದನೆ, ಪಾಲಿಕೆಯ ಕಟ್ಟಡ ಪರವಾನಿಗೆ, ನಕ್ಷೆ, ಜಂಟಿ ಅಭಿವೃದ್ಧಿ ಕರಾರು, ಜಾಗದವರು ಬಿಲ್ಡರ್‌ಗೆ ಕೊಟ್ಟ ಅಧಿಕಾರಪತ್ರ. ಕೊನೆಯ ಎರಡೂ ನೋಂದಣಿ ಆಗಿರಲೇಬೇಕು ಎಂದರು. ಹತ್ತು ದಿನ ಬಿಟ್ಟು ಕರೆದು, ಕನ್ನಡಕ ಹಣೆಗೇರಿಸಿ, “ಕುಟುಂಬದಲ್ಲಿ ಒಂದು ಕವರು ಕಾಣುವುದಿಲ್ಲವಲ್ಲ” ಎಂದರು.

ಜಾಗದ ಮನೆಯವರು ಅಳಿಯಸಂತಾನದವರು. ಆ ಪದ್ಧತಿಯಲ್ಲಿ ಆಸ್ತಿಯ ಹಕ್ಕು ಹೆಂಗಸರ ಸಂತತಿಯ ಮೂಲಕ ಹರಿದು ಬಂದದ್ದು, ಒಬ್ಬೊಬ್ಬ ಹೆಂಗಸಿನ ಶಾಖೆಗೆ ಕವರು ಎನ್ನುತ್ತಾರೆ. ಹಳೆಯ ಪಾಲುಪಟ್ಟಿಯಲ್ಲಿ ಮೂರು ಅಕ್ಕತಂಗಿಯರ ಹೆಸರಿತ್ತು. ಬಿಲ್ಡರ್‌ ಜೊತೆಗಿನ ಕರಾರಿಗೆ ಇಬ್ಬರ ಮಕ್ಕಳಷ್ಟೇ ಸಹಿ ಹಾಕಿದ್ದರು. ಮೂರನೆಯವರು ಎಂದೋ ಮುಂಬೈ ಸೇರಿ ತೀರಿಕೊಂಡಿದ್ದರು, ಅವರ ಮಗ ಮತ್ತು ಮಗಳು ಅಲ್ಲೇ ಇದ್ದಾರೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. “ಅವರು ಎಂದಿಗೂ ಪಾಲು ಕೇಳಿದವರಲ್ಲ” ಎಂದು ಜಾಗದ ಯಜಮಾನರು ನೊಂದುಕೊಂಡೇ ಹೇಳಿದರು. ಕೇಳದವರು ನಾಳೆ ಕೇಳಬಾರದೆಂದೇನೂ ಇಲ್ಲ ಎಂದು ವಕೀಲರು ಜಗ್ಗಲಿಲ್ಲ. ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಬರದೆ ಅಭಿಪ್ರಾಯ ಕೊಡುವುದಿಲ್ಲ ಎಂದರು. ಆಗಲೇ ಮುಂಗಡ ಕೊಟ್ಟಿದ್ದರೆ ನನ್ನ ಸ್ಥಿತಿ ಏನಾಗುತ್ತಿತ್ತು ಎಂದು ನೆನೆದು ಆ ರಾತ್ರಿ ಊಟ ಸೇರಲಿಲ್ಲ. ಕೊನೆಗೆ ಅಣ್ಣತಂಗಿ ದಸರಾಕ್ಕೆ ಊರಿಗೆ ಬಂದಾಗ, ಅಕ್ಟೋಬರ್ ಮೊದಲ ವಾರ, ಕಾಗದ ಆಯಿತು. ಅವರಿಗೆ ಏನು ಕೊಟ್ಟರೋ ನಾನು ಕೇಳಲಿಲ್ಲ.

ಇತ್ತ ಹದಿನೈದು ದಿನ ಎಂದಿದ್ದ ಡೋರ್ ನಂಬರ್ ಆಗಸ್ಟ್ ಬಂದರೂ ಬರಲಿಲ್ಲ. ಕಾರಣ ಗೊತ್ತಾದದ್ದು ಬಾವ ನಕ್ಷೆಯನ್ನು ಹರಡಿಕೊಂಡು ಕಟ್ಟಡದ ಸುತ್ತ ನಡೆದಾಗ. ಕೆಳಗಿನ ಪಾರ್ಕಿಂಗ್‌ನ ಮೂಲೆಯಲ್ಲಿ ಬಿಲ್ಡರ್ ತಮ್ಮ ಕಚೇರಿಗೆಂದು ಕೋಣೆಯೊಂದನ್ನು ಕಟ್ಟಿದ್ದರು, ನಾನು ತಂಪಾಗಿ ಕುಳಿತು ಮಾತಾಡುತ್ತಿದ್ದ ಅದೇ ಕೋಣೆ. ನಕ್ಷೆಯಲ್ಲಿ ಅದು ಇರಲೇ ಇಲ್ಲ. ಅದನ್ನು ಒಡೆದು ತೆಗೆಯುವವರೆಗೆ ಪ್ರಮಾಣಪತ್ರ ಸಿಗುವಂತಿರಲಿಲ್ಲ. ಅನುಮೋದಿತ ನಕ್ಷೆಯ ಪ್ರತಿ ಹಿಡಿದು ಒಮ್ಮೆ ನೀವೇ ಸುತ್ತು ಹಾಕಿ. ಎಂಜಿನಿಯರ್ ಆಗಬೇಕಾಗಿಲ್ಲ, ಎಣಿಸಲು ಬಂದರೆ ಸಾಕು.

ಆ ನಡುವೆ ಇನ್ನೊಂದು ಪೆಟ್ಟು ಬಿತ್ತು. ಆಗಸ್ಟ್ ಕೊನೆಗೆ ರಾಜ್ಯ ಸರಕಾರ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿತು, 31ರಿಂದಲೇ ಜಾರಿ. ನಮ್ಮ ಲೆಕ್ಕದಲ್ಲಿ 58 ಸಾವಿರ ಹೆಚ್ಚು. ಪತ್ರಿಕೆ ಓದಿ ಸಿಟ್ಟಿನಿಂದ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರು ಬಹಳ ವಿನಯದಿಂದ, “ಸರಕಾರದ್ದು ಸರ್, ನಾವು ಎಂತ ಮಾಡುವುದು?” ಎಂದರು. ಬಾಡಿಗೆಯೂ ಹೋಗುತ್ತಲೇ ಇತ್ತು. ಕಾಯ್ದದ್ದಕ್ಕೆ ಉಳಿದ ಜಿಎಸ್‌ಟಿ ಮುಂದೆ ಇದು ಚಿಕ್ಕದು ಎಂದು ಹೆಂಡತಿ ಕೂಡಿ ಕಳೆದು ತೋರಿಸಿದ ಮೇಲೆ ಸುಮ್ಮನಾದೆ.

ನವೆಂಬರ್ ಎರಡನೇ ವಾರ ಡೋರ್ ನಂಬರ್ ಬಂತು. ಪ್ರಮಾಣಪತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದು, ದಿನಾಂಕ ಓದಿ, ಮರುದಿನ ಕರಾರು ಮಾಡಿಕೊಂಡು ಮೊದಲ ಚೆಕ್ ಬರೆದೆ. ಅಲ್ಲಿಂದ ಮುಂದೆ ವೇಗ. ಬ್ಯಾಂಕು 30ರಿಂದ 75 ಲಕ್ಷದ ಸಾಲಕ್ಕೆ ಆಸ್ತಿ ಮೌಲ್ಯದ ಶೇಕಡಾ 80ರವರೆಗೆ ಕೊಡಬಹುದು, ಆದರೆ ನಮ್ಮ ಸಂಬಳಕ್ಕೆ 42 ಲಕ್ಷವೇ ಒದಗಿತು. ಮುದ್ರಾಂಕ ಶುಲ್ಕ, ನೋಂದಣಿ ಖರ್ಚನ್ನು ಆ ಮೌಲ್ಯದಲ್ಲಿ ಸೇರಿಸುವುದಿಲ್ಲ. ಇದನ್ನು ಮರೆತು ಕೊನೆಯ ವಾರ ಚಿನ್ನ ಅಡವಿಡುವವರು ಬಹಳ ಮಂದಿ. ನಾವೂ ಎರಡು ಬಳೆ ಇಟ್ಟೆವು.

ಮಾರುವವರ ಹೆಸರಿನಲ್ಲಿ ಫ್ಲ್ಯಾಟಿನ ಇ-ಖಾತಾ ಆಗದೆ ನೋಂದಣಿ ಇಲ್ಲ. ಅದಕ್ಕೆ ಮೂರು ವಾರ ಹಿಡಿಯಿತು, ಯಾಕೆಂದರೆ ಮೊದಲ ಪ್ರತಿಯಲ್ಲಿ ವಿಸ್ತೀರ್ಣದ ಅಂಕಿ ತಿರುವುಮುರುವಾಗಿತ್ತು. ಖಾತಾ, ನಕ್ಷೆ, ಕ್ರಯಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಧನುರ್ಮಾಸ ಹಿಡಿಯುವ ಮೊದಲು ನೋಂದಣಿ ಆಗಲೇಬೇಕೆಂದು ಅಮ್ಮನ ಒತ್ತಾಯ. ಅಂತೂ ಡಿಸೆಂಬರ್ ಎರಡನೇ ವಾರ ದಿನ ಸಿಕ್ಕಿತು. ಬೆಳಿಗ್ಗೆ ಹತ್ತೂವರೆಗೆ ಹೋದವರು ಹೆಬ್ಬೆಟ್ಟು ಒತ್ತಿದ್ದು ಮೂರು ಮುಕ್ಕಾಲಿಗೆ. ನಡುವೆ ಎದುರಿನ ಹೋಟೆಲಿನಲ್ಲಿ ಎರಡು ಸುತ್ತು ಗೋಳಿಬಜೆ. ಒಂದೂವರೆ ನಿಮಿಷದ ಕೆಲಸಕ್ಕೆ ಹತ್ತು ತಿಂಗಳು ಓಡಿದೆನಲ್ಲ ಎಂದು ಹೊರಗೆ ಬಂದಾಗ ಸಂತೋಷಕ್ಕಿಂತ ಆಯಾಸವೇ ಹೆಚ್ಚಿತ್ತು.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರೇ ಶೇಕಡಾ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದು ಮಾರುವವರ ಪ್ಯಾನ್ ಹೆಸರಿಗೆ ಕಟ್ಟಬೇಕು. 58 ಲಕ್ಷಕ್ಕೆ ಅದು 58 ಸಾವಿರ. ಇದು ಹೆಚ್ಚುವರಿಯಲ್ಲ, ಕೊಡುವ ಹಣದಿಂದಲೇ ಮುರಿದುಕೊಳ್ಳುವುದು. ಪಾರ್ಕಿಂಗ್, ನಿರ್ವಹಣೆ ಎಂದು ಬೇರೆ ಬೇರೆ ಹಣ ಕೇಳಿದರೂ ಅವೂ ಬೆಲೆಯೊಳಗೇ ಸೇರುತ್ತವೆ. ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟದಿದ್ದರೆ ದಂಡ ನಮಗೆ, ಬಿಲ್ಡರ್‌ಗಲ್ಲ.

ಬಾಲ್ಕನಿಯಲ್ಲಿ ಕೇಳಿದವರಿಗೆ ಈಗ ಉತ್ತರ. ಫ್ಲ್ಯಾಟ್ 58,00,000. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಶೇಕಡಾ 10 ಸೆಸ್ ಮತ್ತು 2 ಸರ್‌ಚಾರ್ಜ್, ನೋಂದಣಿ ಶೇಕಡಾ 2, ಎಲ್ಲ ಸೇರಿ 4,40,800. ವಿದ್ಯುತ್ ಮತ್ತು ನೀರಿನ ಠೇವಣಿ, ಒಂದು ವರ್ಷದ ನಿರ್ವಹಣೆ, ಸಂಘದ ಮೂಲನಿಧಿ ಎಂದು ಬಿಲ್ಡರ್ ಪಡೆದದ್ದು 2,35,000. ವಕೀಲರು, ದಸ್ತಾವೇಜು ಬರೆಯುವವರು, ಬ್ಯಾಂಕಿನ ಶುಲ್ಕ 51,000. ಕಿಟಕಿಯ ಗ್ರಿಲ್, ಸೊಳ್ಳೆಪರದೆ, ಅಡುಗೆಮನೆಯ ಕಪಾಟು, ಫ್ಯಾನು, ಗೀಸರ್ 5,10,000. ಮನೆಯೊಕ್ಕಲು 65,000. ಕೂಡಿಸಿದರೆ 71,01,800. ಹೆಚ್ಚೆಂದರೆ 60 ಎಂದು ಹೊರಟ ನಾವು, ಪೂರ್ತಿ 71 ದಾಟಿ ನಿಂತೆವು.

ಕೀಲಿ ಪಡೆಯುವ ದಿನ 27 ಕೊರತೆಗಳ ಪಟ್ಟಿ ಮಾಡಿ, ಮ್ಯಾನೇಜರ್‌ರ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆ. ವಶಕ್ಕೆ ಪಡೆದ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸುವುದು ಬಿಲ್ಡರ್ ಹೊಣೆ ಎಂದು ರೇರಾ ಕಾಯ್ದೆ ಹೇಳುತ್ತದೆ. ಬಾಯಿಮಾತಿನಲ್ಲಿ ಹೇಳದೆ ಬರೆದು ತಿಳಿಸಿ, ದಿನಾಂಕ ಉಳಿಯುತ್ತದೆ. ಜನವರಿಯೊಳಗೆ 24 ಮುಗಿದವು. ಬಚ್ಚಲ ನೆಲ ಒಡೆದು ಹೊಸದಾಗಿ ಹಾಕಿದರು, ಈಗ ನೀರಿಗೆ ದಾರಿ ತಿಳಿದಿದೆ.

ಬಾಕಿ ಇರುವ ಮೂರರಲ್ಲಿ ಒಂದು ಮಲಗುವ ಕೋಣೆಯ ಆ ಪಶ್ಚಿಮದ ಗೋಡೆ. ಹೊರಗಿನಿಂದ ಏನೋ ಬಳಿದಿದ್ದಾರೆ, ಒಳಗೆ ಹೊಸ ಬಣ್ಣ ಹೊಡೆದಿದ್ದಾರೆ. ಒಣ ಫೆಬ್ರವರಿಯಲ್ಲಿ ಎಲ್ಲ ಗೋಡೆಯೂ ಒಳ್ಳೆಯದೇ. ಜುಲೈಯಲ್ಲಿ ತಣ್ಣಗಿದ್ದಷ್ಟು ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಮಂಚವನ್ನು ಅರ್ಧ ಅಡಿ ಈಚೆ ಎಳೆದು ಹಾಕಿದ್ದೇನೆ. ಪಟ್ಟಿಯಲ್ಲಿ ಆ ಸಾಲಿಗೆ ಇನ್ನೂ ಗೀಟು ಹಾಕಿಲ್ಲ. ಜೂನ್ ಬರಲಿ.